ಪೋಕರ್‌ನಲ್ಲಿ ಕಾಲ್ ಮಾಡಬೇಕಾ, ಫೋಲ್ಡ್ ಮಾಡಬೇಕಾ? ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಪಾಟ್‌ನಲ್ಲಿ, ಅಂದರೆ ಎಲ್ಲರೂ ಕಟ್ಟಿದ್ದು ಸೇರುವ ಮಧ್ಯದ ರಾಶಿಯಲ್ಲಿ, 200 ಚಿಪ್ಸ್ ಇದೆ. ಎದುರಿನವರು 100 ಕಟ್ಟಿದರು. ನಿಮ್ಮ ಕೈಯಲ್ಲಿ ಆಟೀನ್ 10 ಮತ್ತು ಆಟೀನ್ 9. ಮೇಜಿನ ಮೇಲೆ ಬಿದ್ದಿರುವುದು ಆಟೀನ್ ರಾಜ, ಆಟೀನ್ 4, ಇಸ್ಪೀಟ್ 2. ಇನ್ನೊಂದು ಆಟೀನ್ ಬಿದ್ದರೆ ನಿಮಗೆ ಫ್ಲಶ್, ಅಂದರೆ ಒಂದೇ ಸೂಟ್‌ನ ಐದು ಎಲೆ. ನೀವೂ ಅಷ್ಟೇ ಹಾಕಿ ಮುಂದುವರಿದರೆ ಕಾಲ್, ಎಲೆ ಬಿಟ್ಟು ಹೊರಬಂದರೆ ಫೋಲ್ಡ್. ಕಾಲ್ ಮಾಡುತ್ತೀರಾ?

ಹೆಚ್ಚಿನವರು ಮಾಡುತ್ತಾರೆ. ಯಾಕೆ ಅಂತ ಕೇಳಿದರೆ "ಫ್ಲಶ್ ಬರೋ ಹಾಗಿತ್ತಲ್ಲ" ಅನ್ನುತ್ತಾರೆ. ಸ್ವಲ್ಪ ಓದಿಕೊಂಡವರು "ಗೆಲ್ಲೋ ಸಾಧ್ಯತೆ 35% ಇತ್ತು, 25% ಸಾಕಿತ್ತು" ಅನ್ನುತ್ತಾರೆ. ಎರಡನೆಯ ಉತ್ತರ ಕೇಳಲು ಚೆನ್ನಾಗಿದೆ, ಆದರೆ ಅದೂ ಅರ್ಧ ಉತ್ತರವೇ. ಎದುರಿನವರ ಹತ್ತಿರ ಇನ್ನೆಷ್ಟು ಚಿಪ್ಸ್ ಉಳಿದಿದೆ ಅಂತ ಗೊತ್ತಾಗದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಅದೇ ಕೈ, ಅದೇ ಪಾಟ್, ಅದೇ 100. ಆದರೂ ಒಮ್ಮೆ ಕಾಲ್ ಸರಿ, ಒಮ್ಮೆ ಫೋಲ್ಡ್ ಸರಿ. ಈ ಬರಹ ಪೂರ್ತಿ ಇದೇ ಕೈಯ ಸುತ್ತ ಸುತ್ತುತ್ತದೆ.

ಆಟ ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಎಲೆ. ಮಧ್ಯೆ ಎಲ್ಲರಿಗೂ ಸೇರಿ ಐದು ಎಲೆ: ಫ್ಲಾಪ್‌ನಲ್ಲಿ ಮೂರು, ಟರ್ನ್‌ನಲ್ಲಿ ಒಂದು, ರಿವರ್‌ನಲ್ಲಿ ಒಂದು. ನಿಯಮಗಳು ನಿಮಗೆ ಗೊತ್ತಿವೆ ಅಂದುಕೊಂಡು ಬರೆಯುತ್ತಿದ್ದೇನೆ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. ಬುದ್ಧಿಯ ಆಟವೋ ಅದೃಷ್ಟದ ಆಟವೋ ಅನ್ನುವ ಭೇದ ನೋಡದೆ, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ಅದು ದೇಶದಲ್ಲಿ ನಿಷೇಧಿಸಿತು. ಪೋಕರ್ ಕೂಡ ಅದರೊಳಗೇ ಬಂತು. ಹಾಗಾಗಿ ಇಲ್ಲಿ ಎಲ್ಲೂ ರೂಪಾಯಿ ಇಲ್ಲ, ಬರೀ ಚಿಪ್ಸ್. ಮನೆಯಲ್ಲಿ ಸುಮ್ನೆ ಚಿಪ್ಸ್ ಇಟ್ಟುಕೊಂಡು ಆಡುವವರಿಗೂ ಲೆಕ್ಕ ಇದೇ.

ಹಂತ 1: ಕಾಲ್‌ನ ಬೆಲೆ ಎಷ್ಟು?

ಮೊದಲು ಬೆಲೆ ನೋಡಬೇಕು, ಎಲೆ ಆಮೇಲೆ. ಪಾಟ್‌ನಲ್ಲಿ 200 ಇತ್ತು, ಎದುರಿನವರು 100 ಸೇರಿಸಿದರು, ಈಗ 300. ನೀವು 100 ಹಾಕಿದರೆ ಒಟ್ಟು 400. ನಿಮ್ಮ 100 ಆ 400ರಲ್ಲಿ ಕಾಲು ಭಾಗ, ಅಂದರೆ 25%. ನೂರರಲ್ಲಿ 25 ಸಲಕ್ಕಿಂತ ಜಾಸ್ತಿ ಗೆಲ್ಲುವ ಹಾಗಿದ್ದರೆ ಕಾಲ್ ಲಾಭ, ಕಡಿಮೆಯಾದರೆ ನಷ್ಟ. ಇದಕ್ಕೇ ಪಾಟ್ ಆಡ್ಸ್ ಅನ್ನುವುದು.

ಹೊಸಬರು ಎಡವುವುದು ಒಂದೇ ಜಾಗದಲ್ಲಿ. ತಾವು ಹಾಕುವ 100ನ್ನು ಒಟ್ಟಿಗೆ ಸೇರಿಸಲು ಮರೆತು, 300ರಲ್ಲಿ 100 ಅಂತ 33% ಹೇಳುತ್ತಾರೆ. ನಿಮ್ಮ ಕಾಲ್ ಕೂಡ ಪಾಟ್‌ಗೇ ಹೋಗುತ್ತದೆ, ಗೆದ್ದರೆ ಅದೂ ವಾಪಸ್ ಬರುತ್ತದೆ. ಅದನ್ನು ಸೇರಿಸಿಯೇ ಭಾಗಿಸಬೇಕು.

ಆಟದ ಮಧ್ಯೆ ಭಾಗಾಕಾರ ಮಾಡುತ್ತಾ ಕೂರಲು ಆಗುವುದಿಲ್ಲ. ಈ ಐದು ಸಾಲು ಬಾಯಿಪಾಠ ಮಾಡಿಕೊಳ್ಳಿ:

ಪಾಟ್‌ನ ಮೂರನೇ ಒಂದು ಭಾಗ ಕಟ್ಟಿದರೆ ಬೇಕಾದದ್ದು 20%
ಅರ್ಧ ಪಾಟ್ ಕಟ್ಟಿದರೆ 25%
ಮೂರನೇ ಎರಡು ಭಾಗ ಕಟ್ಟಿದರೆ ಸುಮಾರು 29%
ಪೂರ್ತಿ ಪಾಟ್ ಕಟ್ಟಿದರೆ 33%
ಪಾಟ್‌ನ ಎರಡರಷ್ಟು ಕಟ್ಟಿದರೆ 40%

ಗಮನಿಸಿ, ಎಷ್ಟೇ ದೊಡ್ಡ ಮೊತ್ತ ಕಟ್ಟಿದರೂ ಬೇಕಾದ ಶೇಕಡಾ 50 ಮುಟ್ಟುವುದಿಲ್ಲ. ಪಾಟ್‌ನಲ್ಲಿ ಮೊದಲೇ ಇದ್ದ ಚಿಪ್ಸ್ ನಿಮ್ಮ ಕಡೆಗೆ ಸ್ವಲ್ಪ ವಾಲಿಕೊಂಡೇ ಇರುತ್ತದೆ.

ಹಂತ 2: ಎಷ್ಟು ಎಲೆ ನಿಮ್ಮನ್ನು ಉಳಿಸುತ್ತವೆ?

ನಿಮ್ಮ ಕೈಯನ್ನು ಗೆಲ್ಲುವ ಕೈ ಮಾಡುವ ಎಲೆಗಳಿಗೆ ಔಟ್ಸ್ ಅನ್ನುತ್ತಾರೆ. ಕಟ್ಟಿನಲ್ಲಿ ಆಟೀನ್ ಇರುವುದು 13. ನಿಮಗೆ ಕಾಣುತ್ತಿರುವುದು 4. ಉಳಿದದ್ದು 9. ಒಟ್ಟು 52 ಎಲೆಯಲ್ಲಿ ನೀವು ನೋಡಿದ್ದು 5, ನೋಡದೇ ಇರುವುದು 47. ಹಾಗಾಗಿ ಟರ್ನ್‌ನಲ್ಲಿ ಫ್ಲಶ್ ಬರುವ ಸಾಧ್ಯತೆ 47ರಲ್ಲಿ 9, ಅಂದರೆ ಸುಮಾರು 19%.

ಇಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಎದುರಿನವರ ಕೈಯಲ್ಲೇ ಎರಡು ಆಟೀನ್ ಇದ್ದರೆ? ಫೋಲ್ಡ್ ಮಾಡಿದವರು ನಾಲ್ಕು ಆಟೀನ್ ಎಸೆದಿದ್ದರೆ?" ಇರಬಹುದು. ಅಷ್ಟೇ ಸುಲಭವಾಗಿ ಅವರ ಕೈಯಲ್ಲಿ ಒಂದೂ ಇಲ್ಲದೆಯೂ ಇರಬಹುದು. ನಿಮಗೆ ಕಾಣದ ಎಲೆ ಕಟ್ಟಿನಲ್ಲಿದ್ದರೂ ಒಂದೇ, ಯಾರದೋ ಕೈಯಲ್ಲಿದ್ದರೂ ಒಂದೇ. ಯಾರೋ ಎಲೆ ತೋರಿಸಿಬಿಟ್ಟರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಆ ಎಲೆಯನ್ನು 47ರಿಂದ ಕಳೆಯಿರಿ. ಅದು ಆಟೀನ್ ಆಗಿದ್ದರೆ 9ರಿಂದಲೂ ಕಳೆಯಿರಿ.

ಪದೇ ಪದೇ ಎದುರಾಗುವವು ಇಷ್ಟು. ಫ್ಲಶ್‌ಗೆ ಒಂದು ಎಲೆ ಬಾಕಿ ಇದ್ದರೆ 9 ಔಟ್ಸ್. ಎರಡೂ ತುದಿ ತೆರೆದ ಸ್ಟ್ರೈಟ್‌ಗೆ (ಸಾಲಾಗಿ ಬರುವ ಐದು ಎಲೆ) 8. ಮಧ್ಯದ ಒಂದೇ ಎಲೆ ಬೇಕಾದ ಸ್ಟ್ರೈಟ್‌ಗೆ 4. ಮೇಜಿನ ಎಲೆಗಳಿಗಿಂತ ದೊಡ್ಡದಾದ ಎರಡು ಎಲೆ ನಿಮ್ಮ ಹತ್ತಿರ ಇದ್ದು, ಜೋಡಿ ಆದರೆ ಗೆಲುವು ಅನ್ನಿಸಿದರೆ 6. ಕೈಯಲ್ಲಿ ಜೋಡಿ ಇದ್ದು ಮೂರನೆಯದು ಬೇಕಿದ್ದರೆ ಬರೀ 2.

ಎರಡು ದಾರಿ ಒಟ್ಟಿಗೆ ಇದ್ದಾಗ ಎಚ್ಚರ. ಅದೇ ಆಟೀನ್ 10-9 ಕೈಯಲ್ಲಿದೆ, ಫ್ಲಾಪ್ ಮಾತ್ರ ಆಟೀನ್ ಗುಲಾಮ, ಕ್ಲಾವರ್ 8, ಆಟೀನ್ 3 ಅಂದುಕೊಳ್ಳಿ. ಫ್ಲಶ್‌ಗೆ 9. ಸ್ಟ್ರೈಟ್‌ಗೆ ರಾಣಿ ಅಥವಾ 7 ಬೇಕು, ಅದು 8. ಒಟ್ಟು 17 ಅಲ್ಲ, 15. ಆಟೀನ್ ರಾಣಿ ಮತ್ತು ಆಟೀನ್ 7 ಎರಡೂ ಕಡೆ ಲೆಕ್ಕಕ್ಕೆ ಬಂದಿರುತ್ತವೆ.

ಇನ್ನು ಹುಳುಕು ಔಟ್ಸ್. ಮೊದಲಿನ ಕೈಗೆ ವಾಪಸ್ ಬನ್ನಿ. ಟರ್ನ್‌ನಲ್ಲಿ ಆಟೀನ್ 2 ಬಿತ್ತು. ನಿಮಗೆ ಫ್ಲಶ್, ಖುಷಿ. ಆದರೆ ಮೇಜಿನ ಮೇಲೆ ಈಗ ಎರಡು 2 ಇವೆ. ಎದುರಿನವರು ನಾಲ್ಕರ ಜೋಡಿ ಹಿಡಿದು ಕೂತಿದ್ದರೆ ಅವರಿಗೆ ಫುಲ್ ಹೌಸ್ (ಮೂರು 4 ಮತ್ತು ಎರಡು 2), ಅದು ಫ್ಲಶ್‌ಗಿಂತ ದೊಡ್ಡದು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಎದುರಿನವರೂ ಆಟೀನ್‌ಗೇ ಕಾಯುತ್ತಿದ್ದು ಅವರ ಹತ್ತಿರ ಆಟೀನ್ ಎಕ್ಕ ಇದ್ದರೆ, ನಿಮಗೆ ಬೇಕಾದ ಎಲೆಯೇ ನಿಮ್ಮನ್ನು ಮುಳುಗಿಸುತ್ತದೆ. ಹತ್ತರ ಫ್ಲಶ್ ಮತ್ತು ಎಕ್ಕದ ಫ್ಲಶ್ ಪುಸ್ತಕದಲ್ಲಿ ಒಂದೇ 9 ಔಟ್ಸ್, ಮೇಜಿನಲ್ಲಿ ಅಲ್ಲ. ಎಕ್ಕದ ಫ್ಲಶ್‌ಗೆ ಕಾಯುತ್ತಿದ್ದರೆ 9 ಅಂತಲೇ ಎಣಿಸಿ. ಚಿಕ್ಕ ಫ್ಲಶ್ ಆದರೆ, ಮೂರು ನಾಲ್ಕು ಜನ ಪಾಟ್‌ನಲ್ಲಿ ಉಳಿದಿದ್ದರೆ, ಒಂದೋ ಎರಡೋ ಕಡಿಮೆ ಎಣಿಸುವುದು ನನ್ನ ರೂಢಿ.

ಹಂತ 3: ಎರಡರಿಂದ ಗುಣಿಸುವುದು, ನಾಲ್ಕರಿಂದ ಗುಣಿಸುವುದು

ಔಟ್ಸ್ ಗೊತ್ತಾದ ಮೇಲೆ ಶೇಕಡಾ ಸುಲಭ. ಮುಂದಿನ ಒಂದು ಎಲೆಯಲ್ಲಿ ಬರುವ ಸಾಧ್ಯತೆಗೆ ಔಟ್ಸ್ ಗುಣಿಸು 2. ಟರ್ನ್ ಮತ್ತು ರಿವರ್ ಎರಡೂ ಸೇರಿ ಬರುವ ಸಾಧ್ಯತೆಗೆ ಔಟ್ಸ್ ಗುಣಿಸು 4. ಒಂಬತ್ತಕ್ಕೆ 18 ಮತ್ತು 36. ನಿಜವಾದ ಲೆಕ್ಕ 19.1% ಮತ್ತು 35.0%. ಇಷ್ಟು ಹತ್ತಿರ ಬಂದರೆ ಸಾಕು.

ಔಟ್ಸ್ ಜಾಸ್ತಿ ಇದ್ದಾಗ ನಾಲ್ಕರ ಲೆಕ್ಕ ಹೆಚ್ಚು ಹೇಳುತ್ತದೆ. 15 ಔಟ್ಸ್‌ಗೆ 60% ಬರುತ್ತದೆ, ನಿಜವಾದದ್ದು 54%. ಇದಕ್ಕೆ ಚಿಕ್ಕ ರಿಪೇರಿ: ಔಟ್ಸ್ 8 ದಾಟಿದರೆ, ದಾಟಿದಷ್ಟನ್ನು ಉತ್ತರದಿಂದ ಕಳೆಯಿರಿ. 15ರಲ್ಲಿ 8 ಕಳೆದರೆ 7, 60ರಲ್ಲಿ 7 ಹೋದರೆ 53. ಒಂಬತ್ತಕ್ಕೆ 36ರಲ್ಲಿ 1 ಹೋದರೆ ಸರಿಯಾಗಿ 35.

ಇನ್ನು ಈ ಬರಹದ ಮುಖ್ಯ ಜಾಗ. ನಾಲ್ಕರಿಂದ ಗುಣಿಸಿದ ಅಂಕಿ ನಿಮ್ಮದಾಗುವುದು ಯಾವಾಗ? ಇನ್ನೊಂದು ಚಿಪ್ ಕೊಡದೆ ಎರಡೂ ಎಲೆ ನೋಡುವ ಹಾಗಿದ್ದಾಗ ಮಾತ್ರ.

ಎದುರಿನವರ 100 ಅವರ ಕೊನೆಯ 100, ಅವರು ಆಲ್-ಇನ್ ಅಂದುಕೊಳ್ಳಿ. ಕಾಲ್ ಮಾಡಿದರೆ ಮುಂದೆ ಬೆಟ್ಟಿಂಗ್ ಇಲ್ಲ, ಎರಡೂ ಎಲೆ ನಿಮ್ಮದು. 35% ಇದೆ, ಬೇಕಿದ್ದದ್ದು 25%. ನೂರು ಸಲ ಹೀಗೇ ಆದರೆ 35 ಸಲ 300 ಗೆಲ್ಲುತ್ತೀರಿ, 10,500. ಉಳಿದ 65 ಸಲ 100 ಕಳೆದುಕೊಳ್ಳುತ್ತೀರಿ, 6,500. ನಿವ್ವಳ ಲಾಭ 4,000, ಸಲಕ್ಕೆ 40 ಚಿಪ್ಸ್. ಕಣ್ಣು ಮುಚ್ಚಿ ಕಾಲ್ ಮಾಡಿ.

ಈಗ ಅವರ ಹತ್ತಿರ ಇನ್ನೂ 600 ಇದೆ ಅಂದುಕೊಳ್ಳಿ. ನೀವು ಕಾಲ್ ಮಾಡಿದಿರಿ, ಪಾಟ್ 400 ಆಯಿತು, ಟರ್ನ್‌ನಲ್ಲಿ ಕ್ಲಾವರ್ 6 ಬಿತ್ತು. ಅವರು 200 ಕಟ್ಟುತ್ತಾರೆ. ಮತ್ತೆ ಬೇಕಾದದ್ದು 25%. ಉಳಿದಿರುವುದು ಒಂದೇ ಎಲೆ, 46ರಲ್ಲಿ 9, ಅಂದರೆ 19.6%. ಫೋಲ್ಡ್ ಮಾಡುತ್ತೀರಿ. ಹಾಗಾದರೆ ಮೊದಲಿನ 100ಕ್ಕೆ ನೀವು ಕೊಂಡದ್ದು ಎಷ್ಟು ಎಲೆ? ಒಂದೇ. ಬೆಂಗಳೂರಿನಿಂದ ರಾಮನಗರಕ್ಕೆ ಟಿಕೆಟ್ ತಗೊಂಡು ಮೈಸೂರಿಗೆ ಹೋಗುತ್ತೇನೆ ಅಂದುಕೊಂಡ ಹಾಗೆ.

ಒಂದೇ ಎಲೆಗೆ ಲೆಕ್ಕ ಹಾಕಿದರೆ, 47 ಸಲದಲ್ಲಿ 9 ಸಲ 300 ಬಂತು, 2,700. ಬಾಕಿ 38 ಸಲ 100 ಹೋಯಿತು, 3,800. ಸಲಕ್ಕೆ ಸುಮಾರು 23 ಚಿಪ್ಸ್ ನಷ್ಟ. ಮೇಲಿನ ಲೆಕ್ಕದಲ್ಲಿ 40 ಲಾಭ, ಇಲ್ಲಿ 23 ನಷ್ಟ. ಕೈಯಲ್ಲಿರುವ ಎಲೆ ಒಂದೂ ಬದಲಾಗಲಿಲ್ಲ.

ಹಾಗಾಗಿ ನಿಯಮ ಇಷ್ಟು: ಯಾರಾದರೂ ಆಲ್-ಇನ್ ಆಗಿದ್ದು ಮುಂದೆ ಬೆಟ್ಟಿಂಗ್ ಇಲ್ಲದಿದ್ದರೆ ನಾಲ್ಕು. ಬೇರೆ ಎಲ್ಲ ಕಡೆ ಎರಡು.

ಹಂತ 4: ಮುಂದೆ ಬರುವ ಚಿಪ್ಸ್

ಹಾಗಾದರೆ ಉಳಿದೆಲ್ಲ ಕಡೆ ಫ್ಲಶ್‌ಗೆ ಕಾಯುವುದೇ ದಂಡವಾ? ಅಲ್ಲ. ಫ್ಲಶ್ ಬಂದ ಮೇಲೆ ಎದುರಿನವರು ಇನ್ನಷ್ಟು ಕೊಡಬಹುದು. ಇದು ಇಂಪ್ಲೈಡ್ ಆಡ್ಸ್. "ಬಂದರೆ ಜಾಸ್ತಿ ಸಿಗುತ್ತೆ ಬಿಡಿ" ಅಂತ ಬಾಯಿಮಾತಲ್ಲಿ ಹೇಳುವವರೇ ಹೆಚ್ಚು. ಆದರೆ ಇದನ್ನೂ ಅಂಕಿಯಲ್ಲಿ ಹಿಡಿಯಬಹುದು.

ಕಾಲ್‌ನ ಮೊತ್ತವನ್ನು ಸಾಧ್ಯತೆಯಿಂದ ಭಾಗಿಸಿ. 100 ಭಾಗಿಸು 0.1915, ಸುಮಾರು 522. ಕಾಲ್ ಆದ ಮೇಲಿನ ಪಾಟ್ 400. ವ್ಯತ್ಯಾಸ 122. ಅಂದರೆ ಟರ್ನ್‌ನಲ್ಲಿ ಫ್ಲಶ್ ಆದಾಗಲೆಲ್ಲ ಸರಾಸರಿ ಇನ್ನೂ 122 ಚಿಪ್ಸ್ ಎದುರಿನವರಿಂದ ಬರಬೇಕು. ಆಗ ಲಾಭನಷ್ಟ ಸಮ. ಸರಾಸರಿ ಅನ್ನುವುದನ್ನು ಮರೆಯಬೇಡಿ. ಅರ್ಧ ಸಲ ಅವರು ಹೆದರಿ ಫೋಲ್ಡ್ ಮಾಡಿದರೆ, ಉಳಿದರ್ಧ ಸಲ 244 ಬರಬೇಕು.

ಈಗ ಕೇಳಬೇಕಾದ್ದು ಎರಡೇ. ಅವರ ಹತ್ತಿರ ಅಷ್ಟು ಇದೆಯಾ? ಇದ್ದರೆ ಕೊಡುತ್ತಾರಾ? 600 ಇದೆ ಅಂದುಕೊಂಡಿದ್ದೇವೆ, ಮೊದಲನೆಯದಕ್ಕೆ ಹೌದು. ಎರಡನೆಯದು ಆಸಾಮಿಯ ಮೇಲೆ ಹೋಗುತ್ತದೆ. ಎಕ್ಕ-ರಾಜ ಹಿಡಿದುಕೊಂಡು ಏನೇ ಆದರೂ ಬಿಡದವರು ಇದ್ದಾರೆ, ಅವರ ಎದುರು ಕಾಲ್ ಮಾಡಿ. ಮೇಜಿನ ಮೇಲೆ ಮೂರನೇ ಆಟೀನ್ ಕಂಡ ತಕ್ಷಣ ಚೆಕ್ ಮಾಡಿ (ಏನೂ ಕಟ್ಟದೆ ಸರದಿ ಬಿಟ್ಟುಕೊಟ್ಟು) ಫೋಲ್ಡ್ ಆಗುವವರೂ ಇದ್ದಾರೆ, ಅವರ ಎದುರು ಬೇಡ. ಫ್ಲಶ್ ಎಲ್ಲರ ಕಣ್ಣಿಗೂ ಕಾಣುತ್ತದೆ. ಮಧ್ಯದ ಎಲೆ ತುಂಬಿ ಆದ ಸ್ಟ್ರೈಟ್ ಅಷ್ಟು ಬೇಗ ಕಾಣುವುದಿಲ್ಲ. ಹಾಗಾಗಿ 4 ಔಟ್ಸ್ ಇದ್ದರೂ ಅದು ಬಂದಾಗ ಚಿಪ್ಸ್ ಜಾಸ್ತಿ ಬರುತ್ತದೆ.

ಇದಕ್ಕೆ ಉಲ್ಟಾ ಮುಖವೂ ಇದೆ. ನಿಮ್ಮದು ಹತ್ತರ ಫ್ಲಶ್, ಅವರದು ಎಕ್ಕದ ಫ್ಲಶ್ ಆದರೆ ಮುಂದೆ ಬರುವ ಚಿಪ್ಸ್ ಅಲ್ಲ, ಹೋಗುವ ಚಿಪ್ಸ್. ಎದುರಿನವರ ಹತ್ತಿರ ಜಾಸ್ತಿ ಉಳಿದಿದೆ ಅನ್ನುವುದು ಯಾವಾಗಲೂ ಒಳ್ಳೆಯ ಸುದ್ದಿ ಅಲ್ಲ.

ಹಂತ 5: ಕಾಲ್ ಬಿಟ್ಟು ನೀವೇ ಕಟ್ಟಿದರೆ?

ಕಾಲ್ ಮಾಡಿದವರಿಗೆ ಗೆಲ್ಲಲು ಒಂದೇ ದಾರಿ, ಎಲೆ ಬರಬೇಕು. ಕಟ್ಟಿದವರಿಗೆ ಎರಡು. ಎಲೆ ಬರಬೇಕು, ಇಲ್ಲವೇ ಎದುರಿನವರು ಬಿಡಬೇಕು.

ಶುದ್ಧ ಬ್ಲಫ್‌ನ, ಅಂದರೆ ಕೈಯಲ್ಲಿ ಏನೂ ಇಲ್ಲದೆ ಕಟ್ಟಿ ಹೆದರಿಸುವುದರ, ಲೆಕ್ಕ ಸುಲಭ. ನೀವು ಕಟ್ಟಿದ್ದನ್ನು, ಕಟ್ಟಿದ್ದು ಮತ್ತು ಪಾಟ್ ಸೇರಿದ ಮೊತ್ತದಿಂದ ಭಾಗಿಸಿ. ಅರ್ಧ ಪಾಟ್ ಕಟ್ಟಿದರೆ ಮೂರರಲ್ಲಿ ಒಂದು ಸಲ ಅವರು ಬಿಟ್ಟರೆ ಸಾಕು. ಪೂರ್ತಿ ಪಾಟ್ ಕಟ್ಟಿದರೆ ಎರಡರಲ್ಲಿ ಒಂದು ಸಲ. ಹಠ ಹಿಡಿದು ಕಾಲ್ ಮಾಡುವವರ ಎದುರು ಈ ಲೆಕ್ಕವೇ ಬೇಡ, ಬ್ಲಫ್ ಮಾಡಲೇಬೇಡಿ.

ಕೈಯಲ್ಲಿ ಔಟ್ಸ್ ಇಟ್ಟುಕೊಂಡು ಕಟ್ಟುವುದು ಸೆಮಿ-ಬ್ಲಫ್. ಇಲ್ಲಿ ಲೆಕ್ಕ ಸ್ವಲ್ಪ ಕುತೂಹಲದ್ದು. ಪಾಟ್ 200, ಎದುರಿನವರು ಚೆಕ್ ಮಾಡಿದರು, ನಿಮ್ಮ ಹತ್ತಿರ ಉಳಿದಿರುವುದು 200, ಅಷ್ಟನ್ನೂ ತಳ್ಳುತ್ತೀರಿ. ಅವರು ಬಿಟ್ಟರೆ 200 ಲಾಭ. ಕಾಲ್ ಮಾಡಿದರೆ 35% ಸಲ 400 ಗೆಲ್ಲುತ್ತೀರಿ, 65% ಸಲ 200 ಸೋಲುತ್ತೀರಿ. 140ರಲ್ಲಿ 130 ಕಳೆದರೆ 10 ಲಾಭ. ಅಂದರೆ ಅವರು ಒಮ್ಮೆಯೂ ಬಿಡದಿದ್ದರೂ ನಷ್ಟ ಇಲ್ಲ!

ಇಲ್ಲಿಗೆ ಲೆಕ್ಕ ನಿಲ್ಲಿಸಿ, "ಹಾಗಾದರೆ ಯಾವಾಗಲೂ ತಳ್ಳು" ಅನ್ನುವವರಿದ್ದಾರೆ. ಹೋಲಿಸಬೇಕಾದ್ದು ಸೊನ್ನೆಯ ಜೊತೆಗಲ್ಲ. ನೀವೂ ಚೆಕ್ ಮಾಡಿ, ಎರಡೂ ಎಲೆ ಬಿಟ್ಟಿ ಸಿಕ್ಕರೆ, 200ರ ಪಾಟ್‌ನಲ್ಲಿ ನಿಮ್ಮ 35% ಪಾಲು 70. ಅದನ್ನು ಬಿಟ್ಟು 10ಕ್ಕೆ ಯಾಕೆ ಹೋಗಬೇಕು? ಎರಡನ್ನೂ ತೂಗಿದರೆ, ಎದುರಿನವರು ಸುಮಾರು ಮೂರರಲ್ಲಿ ಒಂದು ಸಲ ಬಿಡುವ ಹಾಗಿದ್ದರೆ ತಳ್ಳುವುದು ಲಾಭ. ಅದಕ್ಕಿಂತ ಕಡಿಮೆ ಬಿಡುವವರಾದರೆ, ಬಿಟ್ಟಿ ಎಲೆ ಸಿಗುವಾಗ ಬಿಟ್ಟಿ ಎಲೆಯೇ ವಾಸಿ.

ಹಂತ 6: ರಿವರ್‌ನಲ್ಲಿ ಕೈಗಳನ್ನು ಎಣಿಸುವುದು

ಐದೂ ಎಲೆ ಬಿದ್ದ ಮೇಲೆ ಔಟ್ಸ್ ಇಲ್ಲ. ಒಂದೇ ಪ್ರಶ್ನೆ: ಅವರ ಹತ್ತಿರ ನಿಜವಾಗಿ ಇದೆಯಾ, ಇಲ್ಲ ಬ್ಲಫ್ಫಾ? ಮುಖ ನೋಡಿ ಹೇಳುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ. ಎಣಿಸಬಹುದು.

ಈಗ ನಿಮ್ಮ ಕೈಯಲ್ಲಿ ಇಸ್ಪೀಟ್ ರಾಜ, ಇಸ್ಪೀಟ್ ರಾಣಿ. ಮೇಜಿನ ಮೇಲೆ ಆಟೀನ್ ರಾಜ, ಆಟೀನ್ 4, ಇಸ್ಪೀಟ್ 2, ಕ್ಲಾವರ್ 9, ಇಸ್ಪೀಟ್ 7. ಪಾಟ್ 300, ಎದುರಿನವರು 300 ಕಟ್ಟಿದರು. ಬೇಕಾದದ್ದು 33%.

ಅವರು ಇಲ್ಲಿಯವರೆಗೆ ಆಡಿದ ರೀತಿ ನೋಡಿದರೆ ನಿಮ್ಮನ್ನು ಸೋಲಿಸುವ ಕೈಗಳು ಎಕ್ಕ-ರಾಜ, ನಾಲ್ಕರ ಜೋಡಿ, ಎರಡರ ಜೋಡಿ ಅಂದುಕೊಳ್ಳೋಣ. ರಾಜ ನಾಲ್ಕರಲ್ಲಿ ಎರಡು ನಿಮಗೆ ಕಾಣುತ್ತಿವೆ, ಉಳಿದದ್ದು 2. ಎಕ್ಕ 4. ಹಾಗಾಗಿ ಎಕ್ಕ-ರಾಜ 8 ಬಗೆಯಲ್ಲಿ ಆಗಬಹುದು. ನಾಲ್ಕರ ಎಲೆ ಮೂರು ಉಳಿದಿವೆ, ಅದರಲ್ಲಿ ಎರಡು ಆರಿಸಲು 3 ಬಗೆ. ಎರಡರ ಜೋಡಿಗೂ ಹಾಗೇ 3. ಒಟ್ಟು 14. ನೀವು ಗೆಲ್ಲುವುದು ಅವರು ಆಟೀನ್ ಫ್ಲಶ್‌ಗೆ ಕಾದು, ಸಿಗದೆ, ಸುಮ್ನೆ ಕಟ್ಟಿದಾಗ. ಅಂಥ ಕೈ 7 ಇದ್ದರೆ, ಒಟ್ಟು 21ರಲ್ಲಿ 7, ಸರಿಯಾಗಿ 33%. ಅದಕ್ಕಿಂತ ಜಾಸ್ತಿ ಬ್ಲಫ್ ಮಾಡುವವರಾದರೆ ಕಾಲ್, ಇಲ್ಲದಿದ್ದರೆ ಫೋಲ್ಡ್.

ಒಂದು ಸೂಕ್ಷ್ಮ ಇದೆ. ನಿಮ್ಮ ರಾಣಿ ಇಸ್ಪೀಟ್ ಬದಲು ಆಟೀನ್ ಆಗಿದ್ದರೆ? ನಿಮ್ಮ ಕೈಯ ಬಲ ಅಷ್ಟೇ. ಆದರೆ ಆಟೀನ್ ರಾಣಿ ನಿಮ್ಮ ಹತ್ತಿರ ಇರುವಾಗ ಅವರ ಹತ್ತಿರ ಅದು ಇರಲು ಸಾಧ್ಯವಿಲ್ಲ. ಅದಿದ್ದ ಬ್ಲಫ್‌ಗಳೆಲ್ಲ ಲೆಕ್ಕದಿಂದ ಹೋದವು. 7 ಇದ್ದದ್ದು 5 ಆಗಬಹುದು. 19ರಲ್ಲಿ 5, ಅಂದರೆ 26%. ಫೋಲ್ಡ್.

ಎಲೆ ಹಂಚಿದ ತಕ್ಷಣ ಗೊತ್ತಿರಬೇಕಾದ ಅಂಕಿಗಳು

ಇದು ಚಿಕ್ಕ ಭಾಗ. ಎರಡು ಎಲೆಯ ಕೈಗಳು ಒಟ್ಟು 1,326. ಅದರಲ್ಲಿ ಎಕ್ಕದ ಜೋಡಿ 6, ಅಂದರೆ 221ಕ್ಕೆ ಒಂದು ಸಲ. ಯಾವುದಾದರೂ ಜೋಡಿ 17ಕ್ಕೆ ಒಂದು ಸಲ. ಜೋಡಿ ಹಿಡಿದು ಫ್ಲಾಪ್ ನೋಡಿದರೆ ಮೂರನೆಯದು ಸಿಗುವುದು ಸುಮಾರು 12%. ಚಿಕ್ಕ ಜೋಡಿಗೆ ಕಾಲ್ ಮಾಡುವಾಗ ಎದುರಿನವರ ಹತ್ತಿರ ಕಾಲ್‌ನ ಹತ್ತು ಹದಿನೈದು ಪಟ್ಟಾದರೂ ಇರಬೇಕು ಅನ್ನುವುದು ಇದಕ್ಕೇ. ಎರಡೂ ಎಲೆ ಒಂದೇ ಸೂಟ್ ಅಂತ ಮನಸ್ಸು ಕುಣಿಯುತ್ತದೆ, ಅಲ್ವಾ? ಫ್ಲಾಪ್‌ನಲ್ಲೇ ಫ್ಲಶ್ ಬರುವುದು 1%ಗಿಂತ ಕಡಿಮೆ. ಫ್ಲಶ್‌ಗೆ ಒಂದು ಎಲೆ ಬಾಕಿ ಇರುವ ಸ್ಥಿತಿ ಬರುವುದೂ ಸುಮಾರು 11% ಅಷ್ಟೇ.

ಲೆಕ್ಕ ಕೆಡಿಸುವ ಎರಡು ಸಂಗತಿ

ಕ್ಯಾಸಿನೋಗಳು ಪಾಟ್‌ನಿಂದ ಒಂದು ಪಾಲು ಎತ್ತಿಕೊಳ್ಳುತ್ತವೆ, ಅದು ರೇಕ್. 400ರ ಪಾಟ್‌ನಲ್ಲಿ 5% ಹೋದರೆ ಉಳಿದದ್ದು 380. ನಿಮ್ಮ 100ಕ್ಕೆ ಬೇಕಾದದ್ದು 25 ಅಲ್ಲ, 26.3%. ಅಂಚಿನಲ್ಲಿರುವ ಕಾಲ್‌ಗಳೆಲ್ಲ ಇಲ್ಲಿ ಫೋಲ್ಡ್ ಆಗುತ್ತವೆ.

ಟೂರ್ನಮೆಂಟ್‌ನಲ್ಲಿ ಬೇರೆ ತೊಡಕು. ಅಲ್ಲಿ ಚಿಪ್ಸ್ ಎರಡರಷ್ಟಾದರೆ ಬಹುಮಾನ ಎರಡರಷ್ಟಾಗುವುದಿಲ್ಲ, ಆದರೆ ಚಿಪ್ಸ್ ಪೂರ್ತಿ ಹೋದರೆ ನೀವು ಮನೆಗೆ. ಬಹುಮಾನಕ್ಕೆ ಇನ್ನೊಬ್ಬರು ಹೊರಹೋದರೆ ಸಾಕು ಅನ್ನುವ ಹೊತ್ತಿನಲ್ಲಿ, ಚಿಪ್ಸ್ ಲೆಕ್ಕದಲ್ಲಿ ಸ್ವಲ್ಪ ಲಾಭ ಇರುವ ಆಲ್-ಇನ್ ಕಾಲ್ ಬಿಡುವುದೇ ಸರಿ.

ಅಭ್ಯಾಸ ಹೇಗೆ?

ಒಂದು ಇಸ್ಪೀಟ್ ಕಟ್ಟು ಸಾಕು. ಆಟೀನ್ 10, 9 ಕೈಯಲ್ಲಿಟ್ಟು, ಆಟೀನ್ ರಾಜ, ಆಟೀನ್ 4, ಇಸ್ಪೀಟ್ 2 ಮೇಜಿನ ಮೇಲೆ ಹಾಕಿ. ಉಳಿದ 47 ಚೆನ್ನಾಗಿ ಕಲಸಿ ಎರಡು ಎಲೆ ತೆಗೆಯಿರಿ. ಫ್ಲಶ್ ಬಂತಾ, ಇಲ್ಲವಾ ಬರೆದುಕೊಳ್ಳಿ. ಮತ್ತೆ ಕಲಸಿ. 35% ಅಂದರೆ ಮೂರು ಸಲ ಸಾಲಾಗಿ ತಪ್ಪುವುದೂ ನೂರರಲ್ಲಿ 27 ಸಲ ಆಗುತ್ತದೆ. ಐದಾರು ಸಲ ಸಾಲಾಗಿ ತಪ್ಪಿದರೂ ಕಟ್ಟಿನಲ್ಲಿ ದೋಷ ಹುಡುಕಬೇಡಿ. ನೂರರ ಹತ್ತಿರ ಬಂದಾಗ ಅಂಕಿ ಒಂದು ಹದಕ್ಕೆ ಬರುತ್ತದೆ.

ಇದರ ಜೊತೆಗೆ, ಮನೆಯಲ್ಲಿ ಆಡುವಾಗ ನೀವು ಫೋಲ್ಡ್ ಮಾಡಿದ ಮೇಲೆ ಫೋನ್ ನೋಡುತ್ತಾ ಕೂರಬೇಡಿ. ಬೇರೆಯವರು ಕಟ್ಟಿದಾಗಲೆಲ್ಲ ಬೇಕಾದ ಶೇಕಡಾ ಮನಸ್ಸಿನಲ್ಲೇ ಹೇಳಿಕೊಳ್ಳಿ, ಕಟ್ಟಿದವರ ಮುಂದೆ ಇನ್ನೆಷ್ಟು ಚಿಪ್ಸ್ ಉಳಿದಿದೆ ಅಂತಲೂ ಎಣಿಸಿ. ಈ ಎರಡು ಅಂಕಿ ಕೇಳದೆಯೇ ತಲೆಗೆ ಬರತೊಡಗಿದಾಗ ಹಂತ 6ರ ಕೈ ಎಣಿಸುವ ಕೆಲಸಕ್ಕೆ ಹೋಗಿ.